ಪಾಲು ಮಾಡಿದವನು

"ಎರಡೂ ಸಮ ಇದೆ ನೋಡಪ್ಪಾ," ಎಂದು ಹಿರಿಯ ಮಗ ಕೈ ಕೊಡವಿಕೊಂಡ. ಮುದುಕ ಬಡಗಿಯ ಮೇಜಿನ ಮೇಲೆ ಉಳಿ, ಗರಗಸ, ಸುತ್ತಿಗೆಗಳೆಲ್ಲ ಎರಡು ರಾಶಿಯಾಗಿದ್ದವು. ತಾನು ಕಣ್ಣು ಮುಚ್ಚಿದ ಮೇಲೆ ಮಕ್ಕಳು ಕಿತ್ತಾಡಬಾರದೆಂದು ಮುದುಕ ಬದುಕಿರುವಾಗಲೇ ಪಾಲು ಮಾಡಿಸುತ್ತಿದ್ದ. ಇವತ್ತು ಸಾಮಾನು, ನಾಳೆ ಮನೆ. ಎರಡಕ್ಕೂ ಒಂದೇ ಕಟ್ಟಳೆ: ಹಿರಿಯವನು ಪಾಲು ಮಾಡಬೇಕು, ಕಿರಿಯರು ಮೊದಲು ಆರಿಸಬೇಕು, ಪಾಲು ಮಾಡಿದವನು ಕೊನೆಗೆ ಉಳಿದದ್ದನ್ನು ತೆಗೆದುಕೊಳ್ಳಬೇಕು.

"ಪುಟ್ಟೀ, ಬಾ. ಎಲ್ಲರಿಗಿಂತ ಚಿಕ್ಕವಳು ನೀನು. ಆರಿಸು," ಎಂದ ಮುದುಕ. ಬಾಗಿಲಲ್ಲಿ ನಿಂತಿದ್ದ ಮಗಳು ಬೆಚ್ಚಿದಳು. ಮದುವೆಯಾಗುವ ತನಕ ಇಲ್ಲೇ ಕುರ್ಚಿಗಳಿಗೆ ಪಾಲಿಶ್ ಉಜ್ಜಿ ಉಗುರು ಕಪ್ಪು ಮಾಡಿಕೊಂಡವಳು. ಅವಳನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಅವಳಿಗ್ಯಾಕಪ್ಪಾ? ಗಂಡನ ಮನೇಲಿ ಬೇಕಾದಷ್ಟಿದೆ!" ಎಂದು ಹಿರಿಯವನು ಸಿಡುಕಿದ.

"ನಿನ್ನ ಹೆಂಡ್ತಿ ತವರಲ್ಲೂ ಇದೆ. ನಿನ್ನ ಪಾಲು ಬಿಟ್ಟುಬಿಡ್ತೀಯೇನೋ?"

"ನಂಗೇನೂ ಬೇಡಪ್ಪಾ, ಸುಮ್ನೆ ಜಗಳ," ಎಂದಳು ಮಗಳು.

"ಬೇಡ ಅನ್ನೋದನ್ನ ಕೈಗೆ ಬಂದ್ಮೇಲೆ ಹೇಳು. ಮೊದ್ಲು ಮುಟ್ಟು."

ಅವಳು ಒಂದು ರಾಶಿಯ ಮೇಲೆ ಅಂಗೈ ಇಟ್ಟಳು. ಎರಡನೆಯ ಮಗ ಅಣ್ಣನ ಮುಖ ನೋಡಿ, ನಗು ನುಂಗಿಕೊಂಡು, ಇನ್ನೊಂದನ್ನು ತನ್ನತ್ತ ಎಳೆದುಕೊಂಡ. ಹಿರಿಯನ ಮುಂದೆ ಬರೀ ಮರದ ಪುಡಿ ಉಳಿಯಿತು.

"ಮತ್ತೆ ನಂಗೆ?"

"ಎರಡೇ ಮಾಡು ಅಂತ ನಾನು ಹೇಳಿದ್ನಾ? ಒಂದು ಪಾಲು ಕಮ್ಮಿ ಮಾಡಿದೋನು ನೀನು. ಈಗ ಆ ಕಮ್ಮಿ ನಿಂಗೇ ಬಂತು."

ಹಿರಿಯ ಮಗ ಎರಡು ರಾಶಿಗಳನ್ನೂ ಮತ್ತೆ ಒಟ್ಟು ಸೇರಿಸಿ ಮೂರು ಪಾಲು ಮಾಡತೊಡಗಿದ. ಈ ಸಲ ಒಂದೊಂದು ಉಳಿಯನ್ನೂ ಕೈಯಲ್ಲಿ ತೂಗಿ ನೋಡಿ ಇಡುತ್ತಿದ್ದ.