ಗೋಡೆಯ ಬಣ್ಣ

ತೀರಿಕೊಂಡ ತಂದೆಯ ಹಳೆಯ ಫೋಟೊವನ್ನು ಅವನು ಸ್ಟುಡಿಯೊದವಳ ಮುಂದೆ ಎಸೆದ.

"ನಾಡಿದ್ದು ತಿಥಿ. ಅಪ್ಪ ಒಬ್ರೇ ಇರ್ಬೇಕು. ಪಕ್ಕದಲ್ಲಿ ಕೂತಿರೋ ಹೆಂಗಸಿನ ಮೇಲೆ ಗೋಡೆ ಬಣ್ಣ ತುಂಬು."

"ಬೇರೆ ಫೋಟೊ ಇಲ್ವಾ ಸರ್?"

"ಇವೆ. ಅಪ್ಪ ನಕ್ಕಿರೋದು ಇದೊಂದರಲ್ಲೇ."

ಅವಳು ಫೋಟೊವನ್ನು ಸ್ಕ್ಯಾನ್ ಮಾಡಿ, ಗೋಡೆಯ ತಿಳಿ ಹಸಿರನ್ನು ಆರಿಸಿಕೊಂಡು ಕ್ಲಿಕ್ ಮಾಡುತ್ತ ಹೋದಳು. ಸೀರೆ ಹೋಯಿತು, ಬಳೆಗಳು ಹೋದವು, ಮುಖವೂ ಹೋಯಿತು.

"ಅವರ ಹೆಗಲ ಮೇಲೆ ಆಕೆಯ ಬೆರಳುಗಳಿವೆ."

"ಅವಕ್ಕೆ ಅಂಗಿ ಬಣ್ಣ ತುಂಬು. ಅಪ್ಪನ್ನ ಹಿಡ್ಕೊಂಡಿದ್ದು ಸಾಕು."

"ಆಕೆಯ ಮಡಿಲಲ್ಲಿರೋ ಮಗು?"

"ಆ ಪೀಡೇನೂ ತೆಗಿ. ಎಲ್ಲಾದ್ರೂ ಬದುಕಿದ್ರೆ ನಾಳೆ ಪಾಲು ಕೇಳ್ಕೊಂಡು ಬರುತ್ತೆ."

"ಬರಲ್ಲ ಅಣ್ಣ," ಎಂದು ಅವಳು ಫೋಟೊದಲ್ಲಿದ್ದ ತನ್ನ ಪುಟ್ಟ ಮುಖದ ಮೇಲೂ ಹಸಿರು ತುಂಬಿದಳು.