ಪಕ್ಕದ ಹಾಸಿಗೆಯ ಕೂಸು

ನೆತ್ತಿಯ ಬದಲು ಮುಖ ಮುಂದಾಗಿ ಹುಟ್ಟಿದ್ದರಿಂದ ಕಸ್ತೂರಿಯ ಮಗಳ ತುಟಿ, ಕಣ್ಣು ಊದಿ ಕಪ್ಪಿಟ್ಟಿದ್ದವು. ವಾರದಲ್ಲಿ ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರೂ, ನೋಡಲು ಬಂದವರು ಒಮ್ಮೆ ಇಣುಕಿ ಪಕ್ಕದ ಹಾಸಿಗೆಯತ್ತ ತಿರುಗಿಬಿಡುತ್ತಿದ್ದರು. ಅಲ್ಲಿ ಪಾರವ್ವನ ಗಂಡುಕೂಸು ಬಿಗಿಯಾಗಿ ಸುತ್ತಿದ ಬಟ್ಟೆಯೊಳಗೆ ಬೆಣ್ಣೆಮುದ್ದೆಯಂತೆ ಮಲಗಿತ್ತು. ಕಸ್ತೂರಿಯ ಸ್ವಂತ ಅತ್ತೆಯೇ ಆ ಕೂಸಿಗೆ ಲಟಿಕೆ ಮುರಿದು ದೃಷ್ಟಿ ತೆಗೆದಳು. ಕಸ್ತೂರಿಗೆ ಮೈಯೆಲ್ಲ ಉರಿದುಹೋಯಿತು. ಎರಡು ದಿನ ಅವಳು ಪಾರವ್ವನ ಜೊತೆ ಮಾತೇ ಆಡಲಿಲ್ಲ.

ಮೂರನೆಯ ದಿನ ಮಗಳು ಹಸಿವಿಗೆ ಬಟ್ಟೆ ಒದ್ದು, ಕೈ ಬಡಿದು ಚೀರತೊಡಗಿದಳು. ಪಾರವ್ವ ಕಣ್ಣು ಕೀಳದೆ ನೋಡುತ್ತಿದ್ದಳು.

"ಏನ್ ಹಂಗ ನೋಡ್ತಿ?" ಕಸ್ತೂರಿ ಸಿಡಿದಳು. "ನಿನ್ನ ಕೂಸು ಚಂದ ಐತಂತ ಸೊಕ್ಕೇನು? ನನ್ನ ಮಗಳ ಮಾರಿ ನೋಡಿ ನಗಾಕತ್ತಿಯಾ?"

ಪಾರವ್ವ ತನ್ನ ಕೂಸಿನ ಬಟ್ಟೆ ಬಿಚ್ಚಿದಳು. ಕೂಸು ಎಚ್ಚೆತ್ತು ಎಡಗೈ ಎತ್ತಿತು. ಬಲಗೈ ಬಿದ್ದಲ್ಲೇ ಬಿದ್ದಿತ್ತು.

"ಇವ ಕಾಲು ಮುಂದಾಗಿ ಬಂದ. ಹೊರಗ ಎಳಿಯೂವಾಗ ಹೆಗಲಿನ ನರ ಹರದಾವಂತ," ಎಂದಳು ಪಾರವ್ವ. "ನಾ ನೋಡಾಕತ್ತಿದ್ದು ಅಕಿ ಮಾರಿ ಅಲ್ಲಕ್ಕಾ. ಆ ಎರಡು ಕೈ."