ಮೌಲಾಸಾಬನ ಸೀಸೆ

ಹುಟ್ಟಿದ ಪ್ರತಿಯೊಬ್ಬರಿಗೂ ಸರ್ಕಾರ ಒಂದು ಸೀಸೆ ಆಂಟಿಬಯಾಟಿಕ್ ಕೊಡುತ್ತಿತ್ತು, ಜೀವಮಾನಕ್ಕೆ ಅದೊಂದೇ. ಲಾಳ ಕಟ್ಟುವ ಮೌಲಾಸಾಬ ಅರವತ್ತು ವರ್ಷ ಕಾಪಾಡಿಕೊಂಡು ಬಂದಿದ್ದ ತನ್ನ ಸೀಸೆಯನ್ನು ದನದ ದವಾಖಾನೆಯ ಮೇಜಿನ ಮೇಲಿಟ್ಟ.

ಡಾಕ್ಟರ್ ನೀಲಗಂಗಾ ಕುದುರೆಯ ಕಾಲಿನಲ್ಲಿ ಗೊರಸಿನ ಗಾಯದಿಂದ ಕೀವಾಗಿ ಬಾತಿದ್ದ ಕೀಲಿನ ಮೇಲ್ಗಡೆ ರಬ್ಬರ್ ಪಟ್ಟಿ ಬಿಗಿದು, ಕೆಳಗಿನ ರಕ್ತನಾಳಕ್ಕೆ ಆ ಸೀಸೆಯ ಔಷಧವನ್ನೆಲ್ಲ ಏರಿಸಿದರು.

"ಅರ್ಧ ತಾಸು ಅಲಗಾಡಬಾರದು. ಪಟ್ಟಿ ಸಡಲಾದ್ರ ಔಷಧ ಮೈತುಂಬ ಹರದು ಹೋಗ್ತದ, ಕೀಲಿಗೆ ಏನೂ ಉಳಿಯೂದಿಲ್ಲ."

ಮೌಲಾಸಾಬ ಕುದುರೆಯ ಹಣೆಗೆ ಹಣೆ ಹಚ್ಚಿ ನಿಂತ. ಲಗಾಮು ಹಿಡಿದ ಬೆರಳುಗಳ ತುಂಬ ಮೊಳೆ ಗೀರಿದ ಗಾಯಗಳು. ಒಂದೆರಡು ಇನ್ನೂ ಹಸಿಯಾಗಿದ್ದವು.

"ನಾಳೆ ಈ ಗಾಯದಾಗ ಒಂದರ ಕೀವಾದ್ರ ನಿಮಗ ಕೊಡಾಕ ನನ್ನ ಹತ್ರ ಏನೂ ಇಲ್ಲ, ಮೌಲಾಸಾಬ್ರ."

"ಗೊತ್ತದರಿ."

ಅರ್ಧ ತಾಸು ಕಳೆಯಿತು. ಕುದುರೆ ಅಲುಗಲಿಲ್ಲ. ನೀಲಗಂಗಾ ಪಟ್ಟಿ ಬಿಚ್ಚಿದರು.

"ನಿಮ್ಮ ಕುದುರಿ ಉಳೀತದ."

"ನಂದಲ್ಲರಿ. ನೀರಿನ ಗಾಡಿ ಬಸಲಿಂಗಪ್ಪಂದು."

ಪಟ್ಟಿ ಸುತ್ತುತ್ತಿದ್ದ ಅವರ ಕೈ ನಿಂತಿತು. "ಮತ್ತ ನಿಮ್ಮ ಸೀಸೆ ಯಾಕ ಕೊಟ್ರಿ?"

ಮೌಲಾಸಾಬ ಬಗ್ಗಿ ಗೊರಸಿನ ಮೇಲೆ ಕೈಯಿಟ್ಟ.

"ಲಾಳದ ಮೊಳಿ ಓರೆ ಹೊಡದಾಂವ ನಾನರಿ."